ಮಾನಿಟರಿನ ಅಕ್ಷರ ದಪ್ಪ ಆಗಿದ್ದು, 12ನೇ ಪಿನ್ನು ಸಿಕ್ಕಿದ್ದು

"ಹೋಯ್, ಅಕ್ಷರ ಎಲ್ಲ ಅಗಲ ಆಗಿ ಕೂತಿದಾವೆ ಮಾರಾಯ, ಪ ಯಾವ್ದು ಷ ಯಾವ್ದು ಅಂತನೇ ಗೊತ್ತಾಗ್ತಿಲ್ಲ" ಅಂತ ಅಪ್ಪಯ್ಯ ಫೋನ್ ಮಾಡಿದ್ದು ಜುಲೈ ತಿಂಗಳ ಒಂದು ಮಧ್ಯಾಹ್ನ. ನಂಗೆ ತಕ್ಷಣ ಗೊತ್ತಾಯ್ತು ಇದು ನಾನೇ ಅರ್ಧಕ್ಕೆ ಬಿಟ್ಟು ಬಂದಿದ್ದ ಕೆಲಸ ಅಂತ. ಅದರ ಹಿಂದಿನ ಶನಿವಾರ ಊರಿಗೆ ಹೋದಾಗ ಅವರ ಹಳೇ ಕಂಪ್ಯೂಟರಿಗೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿದ್ದೆ, ಸ್ಕ್ರೀನು ಸ್ವಲ್ಪ ಎಳೆದಂಗೆ ಕಾಣ್ತಿತ್ತು, ಅಪ್‌ಡೇಟ್ ಆದ್ಮೇಲೆ ಸರಿ ಹೋಗ್ಬಹುದು ಅಂದ್ಕೊಂಡು ಭಾನುವಾರದ ಬಸ್ಸಿಗೆ ಶಿವಮೊಗ್ಗಕ್ಕೆ ವಾಪಸ್ ಬಂದ್ಬಿಟ್ಟಿದ್ದೆ. ಸರಿ ಹೋಗ್ಲಿಲ್ಲ.

ನಮ್ಮ ಮನೆ ಇರೋದು ಮೇಗರವಳ್ಳಿ ಹತ್ರ, ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ದಾರೀಲಿ. ಕಂಪ್ಯೂಟರು 2012ರಲ್ಲಿ ಜೋಡಿಸಿದ್ದು, ಇಂಟೆಲ್ ಎಚ್61 ಬೋರ್ಡು, 4 ಜಿಬಿ ರ‍್ಯಾಮು, 18.5 ಇಂಚಿನ ಮಾನಿಟರು, ಆ ಮಾನಿಟರಿಗೆ ಚಿತ್ರದ ಕೇಬಲ್ ಸಿಗಿಸೋಕೆ ಇರೋದು ಒಂದೇ ಒಂದು ವಿಜಿಎ ಪೋರ್ಟು. ವಿಂಡೋಸ್ 7 ಇತ್ತು, ಅದಕ್ಕೆ 2020ರ ಜನವರಿಯಿಂದ ಅಪ್‌ಡೇಟ್ ನಿಂತೇ ಹೋಗಿದೆ, ಬ್ರೌಸರ್ ಓಪನ್ ಆಗೋಕೆ ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟು ಹೊತ್ತು. ಅಪ್ಪಯ್ಯ ಅದರಲ್ಲಿ ಮಾಡೋದು ಎರಡೇ ಕೆಲಸ. ಒಂದು ಅಡಿಕೆ ಲೆಕ್ಕ, ಸರಕು ಎಷ್ಟು ಬೆಟ್ಟೆ ಎಷ್ಟು ರಾಶಿ ಎಷ್ಟು ಗೊರಬಲು ಎಷ್ಟು, ಯಾವ ದಿನ ಏನು ರೇಟಿಗೆ ಹೋಯ್ತು ಅಂತ ಕನ್ನಡದಲ್ಲೇ ಬರೆದಿಡೋದು. ಇನ್ನೊಂದು ದಿನಾ ಪೇಪರ್ ಓದೋದು. ನುಡಿ ಕೀಬೋರ್ಡಲ್ಲಿ ಕೈ ಕೂತಿದೆ, ಮಿಂಟಲ್ಲಿ ಕಗಪ ಅಂತ ಅದೇ ಜೋಡಣೆ ಸಿಗೋದ್ರಿಂದ ಟೈಪಿಂಗಿಗೆ ಏನೂ ತೊಂದರೆ ಆಗ್ಲಿಲ್ಲ. ಆದ್ರೆ ಹೋದ ವರ್ಷ ಕಣ್ಣಿನ ಪೊರೆ ಆಪರೇಷನ್ ಆದವರು, ಅವರಿಗೆ ಅಕ್ಷರ ಸ್ಪಷ್ಟ ಕಾಣೋದು ಅನ್ನೋದು ಎಲ್ಲಕ್ಕಿಂತ ದೊಡ್ಡ ವಿಷಯ, ಅದಕ್ಕೇ ನಂಗೆ ಮನಸ್ಸು ತಡೀಲಿಲ್ಲ, ಶುಕ್ರವಾರ ಸಂಜೆ ಕೆಲಸ ಮುಗಿಸಿ ಬಸ್ ಹತ್ತಿದೆ. ಗಾಜನೂರು ದಾಟಿ ಮಂಡಗದ್ದೆ ಬರುವಷ್ಟರಲ್ಲಿ ಮಳೆ ಹೆಂಗೆ ಹಿಡ್ಕೊಂಡಿತ್ತು ಅಂದ್ರೆ ಪಕ್ಕದಲ್ಲೇ ಇರೋ ತುಂಗೆ ಕಾಣ್ತಿರ್ಲಿಲ್ಲ.

ಮೊದಲು ಅಕ್ಷರ ಯಾಕೆ ದಪ್ಪ ಆಗತ್ತೆ ಅಂತ ಹೇಳ್ಬಿಡ್ತೀನಿ. ಎಲ್‌ಸಿಡಿ ಮಾನಿಟರಲ್ಲಿ ಚುಕ್ಕಿಗಳ ಲೆಕ್ಕ ಖಾಯಂ. ಈ ಮಾನಿಟರಲ್ಲಿ ಅಡ್ಡಕ್ಕೆ 1366, ಉದ್ದಕ್ಕೆ 768. ಕಂಪ್ಯೂಟರು ಕಳಿಸ್ತಿದ್ದಿದ್ದು 1024 ಅಡ್ಡ, 768 ಉದ್ದ. ಉದ್ದಕ್ಕೆ ಸರಿಯಾಗಿ ಕೂರತ್ತೆ, ಅಡ್ಡಕ್ಕೆ ಮಾತ್ರ ಮೂರು ಚುಕ್ಕಿಯಿಂದ ನಾಲ್ಕು ಚುಕ್ಕಿ ಜಾಗ ತುಂಬಿಸಬೇಕು, ಹಂಗಾಗಿ ಮಾನಿಟರು ಪಕ್ಕದ ಪಕ್ಕದ ಚುಕ್ಕಿಗಳನ್ನ ಕಲಸಿ ಎಳೆಯತ್ತೆ. ಇಂಗ್ಲಿಷಲ್ಲಿ ಅಷ್ಟಾಗಿ ಗೊತ್ತಾಗಲ್ಲ, ಕನ್ನಡದಲ್ಲಿ ಪ ಹೊಟ್ಟೆಯೊಳಗೆ ಒಂದು ಸಣ್ಣ ಗೀಟು ಬಂದ್ರೆ ಷ, ಆ ಗೀಟು ಕಲಸಿ ಹೋದ್ರೆ ಮುಗೀತು. ಒತ್ತಕ್ಷರಗಳಂತೂ ಒಂದು ಮಸಿ ಚುಕ್ಕಿ ಥರ ಕಾಣ್ತಿದ್ವು. ಅಪ್ಪಯ್ಯ ಹೇಳಿದ್ದು ಅಕ್ಷರಶಃ ನಿಜ ಇತ್ತು.

ರಾತ್ರಿ ಊಟ ಮಾಡಿ ಕೂತೆ. ಡಿಸ್ಪ್ಲೇ ಸೆಟ್ಟಿಂಗ್ಸಲ್ಲಿ 1024, 800, 640 ಇಷ್ಟೇ ಆಯ್ಕೆ, 1366ರ ಸುದ್ದಿನೇ ಇಲ್ಲ. ಸ್ಕ್ರೀನ್ ತೊಂದರೆ ಅಂದ್ರೆ ಎಲ್ರೂ ಮೊದಲು ಹೇಳೋ ಮದ್ದು ನೋಮೋಡ್‌ಸೆಟ್, ನಾನೂ ಅದನ್ನೇ ಮಾಡಿದೆ. ಆನ್ ಆಗುವಾಗ ಶಿಫ್ಟ್ ಒತ್ತಿ ಹಿಡಿದು, ಲಿನಕ್ಸನ್ನ ಎಬ್ಬಿಸೋ ಗ್ರಬ್ ಅನ್ನೋ ಪ್ರೋಗ್ರಾಮಿನ ಮೆನು ತಂದು, ಇ ಒತ್ತಿ, ಲಿನಕ್ಸ್ ಅಂತ ಶುರುವಾಗೋ ಸಾಲಿನ ಕೊನೆಗೆ ನೋಮೋಡ್‌ಸೆಟ್ ಅಂತ ಸೇರಿಸಿ ಎಫ್10 ಒತ್ತಿದೆ. ಏನೂ ಉಪಯೋಗ ಆಗ್ಲಿಲ್ಲ, ಮೇಲಿಂದ ವಿಡಿಯೋ ಹಾಕಿದ್ರೆ ತಡವರಿಸಿ ತಡವರಿಸಿ ಓಡೋಕೆ ಶುರುವಾಯ್ತು. ಯಾಕಂದ್ರೆ ಆ ಪದದ ಅರ್ಥನೇ ಕರ್ನಲ್ಲು, ಅಂದ್ರೆ ಲಿನಕ್ಸಿನ ತಿರುಳು, ಗ್ರಾಫಿಕ್ಸ್ ಡ್ರೈವರಿನ ಕೈಗೆ ಸ್ಕ್ರೀನ್ ಕೊಡಬಾರದು ಅಂತ, ಆವಾಗ ಇಂಟೆಲ್ ಡ್ರೈವರೇ ಲೋಡ್ ಆಗಲ್ಲ, ಚಿತ್ರ ಬಿಡಿಸೋ ಕೆಲಸ ಎಲ್ಲ ಪ್ರೊಸೆಸರ್ ತಲೆ ಮೇಲೆ ಬೀಳತ್ತೆ. ಪೂರ್ತಿ ಕಪ್ಪಾಗಿ ಏನೂ ಕಾಣದೇ ಇದ್ದಾಗ ಒಳಗೆ ಹೋಗೋಕೆ ಒಂದು ಬಾಗಿಲು ಅದು, ಒಳಗೆ ಹೋಗಿ ಡ್ರೈವರ್ ಸರಿ ಮಾಡಿ ತೆಗೆದುಹಾಕಬೇಕು. ತುಂಬಾ ಜನ ಅದನ್ನ ಖಾಯಂ ಸೆಟ್ಟಿಂಗಲ್ಲಿ ಬಿಟ್ಟು ಈ ಕಂಪ್ಯೂಟರ್ ಸ್ಲೋ ಅಂತ ಬೈಕೊಂಡು ಇರ್ತಾರೆ, ಅದು ನೋಡಿದಾಗ ನಂಗೆ ನಿಜವಾಗ್ಲೂ ಬೇಜಾರಾಗತ್ತೆ.

ಅದನ್ನ ತೆಗೆದು ಮತ್ತೆ ಮಾಮೂಲಿ ಬೂಟ್ ಮಾಡಿ ಟರ್ಮಿನಲ್ ತೆಗೆದೆ. ಸ್ಕ್ರೀನ್ ಅಳತೆಗೆ ತಕ್ಕ ಸಿಗ್ನಲ್ ಲೆಕ್ಕ ಹಾಕೋ ಸಿವಿಟಿ ಅನ್ನೋ ಕಮಾಂಡಿಗೆ 1366 768 60 ಅಂತ ಕೊಟ್ರೆ ಅದು 1368 ಅಂತ ವಾಪಸ್ ಕೊಡತ್ತೆ, ಇದು ತಪ್ಪಲ್ಲ, ಆ ಲೆಕ್ಕಾಚಾರಕ್ಕೆ ಅಗಲ 8ರಿಂದ ಭಾಗ ಆಗ್ಬೇಕು, 1366 ಆಗಲ್ಲ, ಅದಕ್ಕೆ 1368. ಆ ಸಾಲನ್ನ, ಸ್ಕ್ರೀನಿನ ಅಳತೆ ಬದಲಾಯಿಸೋ ಎಕ್ಸ್‌ರ‍್ಯಾಂಡರಿಗೆ ಹೊಸ ಮೋಡ್ ಅಂತ ಕೊಟ್ಟು, ವಿಜಿಎ ಔಟ್‌ಪುಟ್ಟಿಗೆ ಸೇರಿಸಿ, ಹಚ್ಚಿದೆ. ಸ್ಕ್ರೀನು ಒಂದು ಸಲ ಕಣ್ಣು ಮಿಟುಕಿಸಿ ಬಂತು ನೋಡಿ, ಅಕ್ಷರ ತೆಳ್ಳಗೆ! ಎಡಗಡೆ ಅಂಚು ಸ್ವಲ್ಪ ಒಳಗೆ ಹೋಗಿತ್ತು, ಮಾನಿಟರಿನ ಆಟೋ ಬಟನ್ ಒತ್ತಿದ ಮೇಲೆ ಅದೂ ಬಂತು.

ಆದ್ರೆ ರೀಸ್ಟಾರ್ಟ್ ಮಾಡಿದ್ರೆ ಹೋಯ್ತು. ಸ್ಟಾರ್ಟಪ್ಪಲ್ಲಿ ಹಾಕಿದೆ, ಆವಾಗ ಲಾಗಿನ್ ಆದ್ಮೇಲೆ ಸರಿ ಇರತ್ತೆ, ಆದ್ರೆ ಮಿಂಟ್ ಲೋಗೋ ಬರೋವಾಗ, ಪಾಸ್‌ವರ್ಡ್ ಕೇಳೋವಾಗ ಎಲ್ಲ ದಪ್ಪನೇ. ಯಾಕಂದ್ರೆ ಎಕ್ಸ್‌ರ‍್ಯಾಂಡರ್ ಕೆಲಸ ಮಾಡೋದು ಡೆಸ್ಕ್‌ಟಾಪ್ ಬಂದ್ಮೇಲೆ, ಅದಕ್ಕೂ ಮುಂಚಿನ ಹಂತಗಳು ಅದರ ಕೈಲಿ ಇಲ್ಲ. ಅಪ್ಪಯ್ಯ ನೋಡಿ "ಸಾಕು ಬಿಡಾ, ಪಾಸ್‌ವರ್ಡು ಎಂತ ಓದ್ಬೇಕಾ" ಅಂದ್ರು. ನಂಗೆ ಸಮಾಧಾನ ಆಗ್ಲಿಲ್ಲ. ಬೂಟಲ್ಲೇ ತಪ್ಪು ಹಿಡಿತಾ ಇದೆ ಅಂದ್ರೆ ಎಲ್ಲೋ ಕೆಳಗೆ ಏನೋ ಇದೆ, ಮೇಲೆ ತೇಪೆ ಹಾಕಿದ್ರೆ ಮುಂದಿನ ಅಪ್‌ಡೇಟಿಗೋ ಏನಕ್ಕೋ ಕಿತ್ಕೊಂಡು ಬರತ್ತೆ, ಆವಾಗ ನಾನು ಅಲ್ಲಿ ಇರಲ್ಲ.

ಕರ್ನಲ್ಲಿಗೇ ಹೇಳೋಣ ಅಂತ ಗ್ರಬ್ ಸೆಟ್ಟಿಂಗ್ಸ್ ಫೈಲಲ್ಲಿ ಕ್ವಯಟ್ ಸ್ಪ್ಲಾಶ್ ಅಂತ ಇರೋ ಸಾಲಿಗೆ ವಿಡಿಯೋ ಈಕ್ವಲ್ ಟು ವಿಜಿಎ-1 ಅಂತ ರೆಸಲ್ಯೂಷನ್, ಅಂದ್ರೆ ಚುಕ್ಕಿ ಲೆಕ್ಕ, ಬರೆಯೋ ಸಾಲು ಸೇರಿಸಿದೆ. ಆ ಸಾಲು ನನ್ನ ಫೋನಿನ ನೋಟ್ಸಲ್ಲಿತ್ತು, ಶಿವಮೊಗ್ಗದಲ್ಲಿ ಬೇರೆ ಯಾವುದೋ ಮಾನಿಟರಿಗೆ ಉಪಯೋಗಿಸಿದ್ದು, ನೋಡ್ಕೊಂಡು ಹಂಗೇ ಟೈಪ್ ಮಾಡಿದೆ, ನಂಬರ್ ಬದಲಾಯಿಸಬೇಕು ಅನ್ನೋದು ಆ ಹೊತ್ತಲ್ಲಿ ತಲೆಗೆ ಬರ್ಲಿಲ್ಲ. 1920 x 1080 ಅಂತನೇ ಹೋಯ್ತು. ಗ್ರಬ್ ಅಪ್‌ಡೇಟ್ ಮಾಡಿ ರೀಸ್ಟಾರ್ಟ್ ಒತ್ತಿದೆ. ಬಯೋಸ್ ಲೋಗೋ ಬಂತು, ಹೋಯ್ತು, ಆಮೇಲೆ ಕಪ್ಪು, ಮಧ್ಯದಲ್ಲಿ ಒಂದು ನೀಲಿ ಡಬ್ಬಿ ತೇಲ್ತಾ ಇದೆ, ಔಟ್ ಆಫ್ ರೇಂಜ್ ಅಂತ. ಅಷ್ಟರಲ್ಲಿ ಕರೆಂಟೂ ಹೋಯ್ತು. ಯುಪಿಎಸ್ ಬ್ಯಾಟರಿ ಮಳೆಗಾಲಕ್ಕೆ ಮುಂಚೆನೇ ಕೈ ಕೊಟ್ಟಿತ್ತಂತೆ, ಹಂಗಾಗಿ ಎಲ್ಲ ಒಟ್ಟಿಗೆ ಆಫ್. ಹೆಂಚಿನ ಮೇಲೆ ಮಳೆ ಹೊಡಿಯೋ ಸದ್ದು ಬಿಟ್ರೆ ಏನಿಲ್ಲ. ಇದ್ದ ಸ್ಕ್ರೀನೂ ಕಳ್ಕೊಂಡೆ ಅಂತ ಹೊಟ್ಟೆಯೊಳಗೆ ಒಂಥರಾ ಆಯ್ತು.

ಬೆಳಿಗ್ಗೆ ಆರಕ್ಕೆ ಕರೆಂಟ್ ಬಂತು. ಆನ್ ಮಾಡಿ ಕಪ್ಪಾದ್ಮೇಲೆ ಕ್ಯಾಪ್ಸ್ ಲಾಕ್ ಒತ್ತಿ ನೋಡಿದೆ, ಕೀಬೋರ್ಡಿನ ದೀಪ ಹತ್ತಿ ಆರ್ತಾ ಇತ್ತು. ಅಂದ್ರೆ ಒಳಗೆ ಎಲ್ಲ ಜೀವಂತ ಇದೆ, ಮಾನಿಟರಿಗೆ ತಡೆದುಕೊಳ್ಳೋಕೆ ಆಗದ ಸಿಗ್ನಲ್ ಹೋಗ್ತಾ ಇದೆ ಅಷ್ಟೇ. ಈ ಪರೀಕ್ಷೆ ಎಲ್ರೂ ಮಾಡ್ಬೇಕು, ಸ್ಕ್ರೀನ್ ಕಪ್ಪು ಅಂತ ಸೀದಾ ಫಾರ್ಮ್ಯಾಟ್ ಮಾಡೋರನ್ನ ನೋಡಿದೀನಿ. ಮತ್ತೆ ಶಿಫ್ಟ್, ಗ್ರಬ್ಬು, ಇ, ಆ ವಿಡಿಯೋ ಸಾಲನ್ನ ಅಳಿಸಿ ಎಫ್10. ಬಂತು. ಒಳಗೆ ಹೋಗಿ ಫೈಲಿಂದಲೂ ಅಳಿಸಿದೆ, ಗ್ರಬ್ಬಲ್ಲಿ ಮಾಡಿದ ತಿದ್ದುಪಡಿ ಆ ಒಂದು ಸಲಕ್ಕೆ ಮಾತ್ರ.

ಆಮೇಲೆ ಒಂದು ಲೋಟ ಕಾಫಿ ಕುಡಿದು ಸರಿಯಾಗಿ ಯೋಚನೆ ಮಾಡಿದೆ. ಬೂಟ್ ಅಂದ್ರೆ ಒಬ್ಬನೇ ಮಾಡೋ ಕೆಲಸ ಅಲ್ಲ. ಮೊದಲು ಬೋರ್ಡಿನೊಳಗೇ ಇರೋ ಬಯೋಸ್ ಪ್ರೋಗ್ರಾಮು ಸ್ಕ್ರೀನ್ ಹಿಡಿಯತ್ತೆ, ಅದು ಗ್ರಬ್ಬಿಗೆ ಕೊಡತ್ತೆ, ಗ್ರಬ್ ಕರ್ನಲ್ಲಿಗೆ, ಕರ್ನಲ್ಲಲ್ಲಿ ಇಂಟೆಲ್ ಡ್ರೈವರ್ ಎದ್ದು ತಾನೇ ಹೊಸದಾಗಿ ರೆಸಲ್ಯೂಷನ್ ಇಡತ್ತೆ, ಆಮೇಲೆ ಲೋಗೋ, ಆಮೇಲೆ ಲಾಗಿನ್, ಆಮೇಲೆ ಡೆಸ್ಕ್‌ಟಾಪ್. ಪ್ರತಿಯೊಬ್ಬರೂ ಸ್ಕ್ರೀನ್ ಮುಟ್ಟುತ್ತಾರೆ. ಯಾರ ಕೈಲಿ ತಪ್ತಾ ಇದೆ ಅಂತ ಹಿಡೀಬೇಕು. ಇದಕ್ಕೆ ದೊಡ್ಡ ಸಾಧನ ಏನೂ ಬೇಡ, ಮಾನಿಟರಿನ ಮೆನು ಬಟನ್ ಒತ್ತಿದ್ರೆ ಈಗ ಏನು ಸಿಗ್ನಲ್ ಬರ್ತಾ ಇದೆ ಅಂತ ಅದೇ ತೋರಿಸತ್ತೆ.

"ಅಪ್ಪಯ್ಯ, ನಾನು ನಂಬರ್ ಹೇಳ್ತೀನಿ, ನೀವು ಬರ್ಕೊಳ್ಳಿ" ಅಂದೆ. ಅವರು ಅಡಿಕೆ ಲೆಕ್ಕದ ಹಳೇ ಪುಸ್ತಕ ತಂದು, ಕನ್ನಡಕ ಏರಿಸಿ, ಪಕ್ಕದಲ್ಲಿ ಸ್ಟೂಲ್ ಹಾಕಿ ಕೂತ್ರು. ಐದು ಸಲ ಆಫ್ ಆನ್ ಮಾಡಿದ್ವಿ, ಯಾಕಂದ್ರೆ ಮೆನು ಬರೋಷ್ಟರಲ್ಲಿ ಹಂತ ದಾಟಿ ಹೋಗ್ತಿತ್ತು. ಬಯೋಸ್ ಅಕ್ಷರ ಬರೋವಾಗ 720 x 400, 70 ಹರ್ಟ್ಸ್. ಗ್ರಬ್ಬಲ್ಲಿ ನಿಲ್ಲಿಸಿದಾಗ 640 x 480. ಮಿಂಟ್ ಲೋಗೋದಲ್ಲಿ 1024 x 768, 60 ಹರ್ಟ್ಸ್. ಲಾಗಿನ್ನಲ್ಲೂ ಅದೇ. ಅಪ್ಪಯ್ಯ ಒಂದರ ಕೆಳಗೆ ಒಂದು ಬರೆದು, ಪೆನ್ನಿನ ತುದಿ ಎರಡು ಮತ್ತು ಮೂರನೇ ಸಾಲಿನ ಮಧ್ಯ ಇಟ್ಟು, "ಇಲ್ಲಿಂದ ಇಲ್ಲಿಗೆ ಬರೋವಾಗ ಯಾರು ತೀರ್ಮಾನ ಮಾಡೋದು?" ಅಂತ ಕೇಳಿದ್ರು. ಅದೇ ಸರಿಯಾದ ಪ್ರಶ್ನೆ. ಅಲ್ಲಿ ತೀರ್ಮಾನ ಮಾಡೋದು ಕರ್ನಲ್ಲು. ಅದು ತನ್ನಷ್ಟಕ್ಕೆ ತಾನು ಮಾಡಲ್ಲ, ಮಾನಿಟರನ್ನ ಕೇಳತ್ತೆ.

ಮಾನಿಟರಿನೊಳಗೆ ಒಂದು ಸಣ್ಣ ಚಿಪ್ಪಿದೆ, ಅದರಲ್ಲಿ ಇಡಿಐಡಿ ಅಂತ 128 ಬೈಟಿನ ಒಂದು ಚೀಟಿ. ನಾನು ಯಾರು, ನನ್ನ ಅಗಲ ಎಷ್ಟು, ಯಾವ ಯಾವ ಸ್ಪೀಡ್ ತಡೀತೀನಿ ಅಂತ ಎಲ್ಲ ಅದರಲ್ಲಿ ಬರೆದಿರತ್ತೆ. ವಿಜಿಎ ಬಂದಿದ್ದು 1987ರಲ್ಲಿ, ಐಬಿಎಂನವರ ಪಿಎಸ್/2 ಕಂಪ್ಯೂಟರ್ ಜೊತೆ, ಈ ಚೀಟಿ ಪದ್ಧತಿ ಶುರುವಾಗಿದ್ದು 1994ರಲ್ಲಿ, ಆವಾಗ ಅದೇ 15 ಪಿನ್ನಿನ ಕನೆಕ್ಟರಲ್ಲಿ 12 ಮತ್ತು 15ನೇ ಪಿನ್ನನ್ನ ಈ ಮಾತುಕತೆಗೆ ಕೊಟ್ಟರು. ಚೀಟಿ ಸಿಗ್ಲಿಲ್ಲ ಅಂದ್ರೆ ಕರ್ನಲ್ಲು ರಿಸ್ಕ್ ತಗೊಳಲ್ಲ, ಯಾವ ಮಾನಿಟರಾದ್ರೂ ತೋರಿಸಬಲ್ಲ 1024 x 768 ಇಟ್ಟು ಸುಮ್ನಾಗತ್ತೆ. ಗ್ರಬ್ಬಂತೂ ಇನ್ನೂ ಹೆದರಿ 640 x 480ಗೆ ಇಳಿಯತ್ತೆ. ನಮ್ಮ ಪುಸ್ತಕದಲ್ಲಿ ಬರೆದಿದ್ದ ಎರಡೂ ನಂಬರ್ ಅದನ್ನೇ ಹೇಳ್ತಿದ್ವು, ನಾನು ರಾತ್ರಿಯೆಲ್ಲ ಅದನ್ನ ಬಿಟ್ಟು ಬೇರೆ ಏನೇನೋ ಮಾಡಿದ್ದೆ.

ಆ ಚೀಟಿ ಬಂದಿದೆಯೋ ಇಲ್ವೋ ಅಂತ ನೋಡೋದು ತುಂಬಾ ಸುಲಭ. ಸಿಸ್ ಒಳಗೆ ಕ್ಲಾಸ್, ಅದರೊಳಗೆ ಡಿಆರ್‌ಎಂ ಫೋಲ್ಡರ್, ಅಲ್ಲಿ ಕಾರ್ಡ್0-ವಿಜಿಎ-1 ಅಂತ ಇರತ್ತೆ, ಕೆಲವು ಕಡೆ ಕಾರ್ಡ್1 ಇರಬಹುದು, ಅದರಲ್ಲಿ ಇಡಿಐಡಿ ಅನ್ನೋ ಫೈಲು. ಅದನ್ನ ಕ್ಯಾಟ್ ಮಾಡಿ ಎಷ್ಟು ಬೈಟ್ ಇದೆ ಅಂತ ಎಣಿಸಿದೆ. 0. ಪಕ್ಕದಲ್ಲಿದ್ದ ಸ್ಟೇಟಸ್ ಫೈಲಲ್ಲಿ ಕನೆಕ್ಟೆಡ್ ಅಂತ ಇದೆ. ಅಂದ್ರೆ ಮಾನಿಟರ್ ಇದೆ ಅಂತ ಗೊತ್ತು, ಯಾರು ಅಂತ ಗೊತ್ತಿಲ್ಲ.

ಆವಾಗ ನೆನಪಾಯ್ತು. ವಿಂಡೋಸ್ 7 ಇದ್ದಾಗ ಡಿಸ್ಪ್ಲೇ ಸೆಟ್ಟಿಂಗ್ಸಲ್ಲಿ ಮಾನಿಟರಿನ ಹೆಸರು ಜನರಿಕ್ ನಾನ್ ಪಿಎನ್‌ಪಿ ಮಾನಿಟರ್, ಅಂದ್ರೆ ತನ್ನ ಪರಿಚಯ ಹೇಳ್ಕೊಳ್ಳದ ಮಾನಿಟರು ಅಂತ ಇರ್ತಿತ್ತು, ರೆಸಲ್ಯೂಷನ್ ನಾನೇ ಯಾವತ್ತೋ ಪಟ್ಟಿಯಿಂದ 1360 x 768 ಅಂತ ಆರಿಸಿ ಬಿಟ್ಟಿದ್ದೆ. ಅಂದ್ರೆ ಈ ರೋಗ ಲಿನಕ್ಸ್ ಹಾಕಿದ ಮೇಲೆ ಬಂದಿದ್ದಲ್ಲ, ವರ್ಷಗಳಿಂದ ಇತ್ತು, ವಿಂಡೋಸಲ್ಲಿ ಕೈಯಾರೆ ಇಟ್ಟಿದ್ದರಿಂದ ಮುಚ್ಚಿಹೋಗಿತ್ತು. ಒಂದು ವಾರದಿಂದ ಲಿನಕ್ಸನ್ನ ಬೈತಿದ್ದ ಅಪ್ಪಯ್ಯಂಗೂ ಅದನ್ನ ಬಿಡಿಸಿ ಹೇಳಿದೆ.

ಕೇಬಲ್ ಮೇಲೆ ಯಾರಿಗೂ ಅನುಮಾನ ಬರಲ್ಲ, ನಂಗೂ ಬಂದಿರ್ಲಿಲ್ಲ, ಯಾಕಂದ್ರೆ ಚಿತ್ರ ಸರಿಯಾಗೇ ಬರ್ತಾ ಇತ್ತಲ್ಲ, ಬಣ್ಣ ಸರಿ, ಅಲುಗಾಟ ಇಲ್ಲ. ಆದ್ರೆ ಚಿತ್ರ ಹೋಗೋ ಪಿನ್ನುಗಳೇ ಬೇರೆ. ಕೆಂಪು ಹಸಿರು ನೀಲಿ 1, 2, 3ರಲ್ಲಿ, ಚಿತ್ರದ ಸಾಲುಗಳನ್ನ ಹೊಂದಿಸೋ ಸಿಂಕು 13, 14ರಲ್ಲಿ. ಇವು ಐದು ಸರಿ ಇದ್ರೆ ಚಿತ್ರ ಬರತ್ತೆ, 12 ಸತ್ತಿದ್ರೂ ಬರತ್ತೆ. ಕಂಪ್ಯೂಟರ್ ಆಫ್ ಮಾಡಿ, ಹಿಂದಿನ ಎರಡು ಸ್ಕ್ರೂ ಬಿಚ್ಚಿ ಕೇಬಲ್ ಎಳೆದೆ. ಒಂದು ಬದಿಯ ಸ್ಕ್ರೂ ತುಕ್ಕು ಹಿಡಿದು ಕಚ್ಕೊಂಡಿತ್ತು, ಕೊಬ್ಬರಿ ಎಣ್ಣೆ ಬಿಟ್ಟು ಕಾಲು ಗಂಟೆ ಕಾಯ್ಬೇಕಾಯ್ತು. ಕಿಟಕಿ ಹತ್ರ ಬೆಳಕಿಗೆ ಹಿಡಿದು ನೋಡಿದ್ರೆ ಮಧ್ಯದ ಸಾಲಲ್ಲಿ ಒಂದು ಪಿನ್ ಇಲ್ವೇ ಇಲ್ಲ. ಸಿಕ್ತು ಅಂದ್ಕೊಂಡೆ, ಎಣಿಸಿದ್ರೆ ಅದು 9ನೇದು, ಅದು ಎಷ್ಟೋ ಕೇಬಲ್ಲಲ್ಲಿ ಮೊದಲಿಂದ್ಲೇ ಇರಲ್ಲ, ಅದು ತಪ್ಪಲ್ಲ. ಮೂರನೇ ಸಾಲು ನೋಡಿದೆ. ಎಡದಿಂದ ಎರಡನೇದು, ಅದೇ 12, ಬುಡದಲ್ಲಿ ಹಸಿರು ಪುಡಿ ಕಟ್ಕೊಂಡಿದೆ, ಹಳೇ ತಾಮ್ರದ ಚೆಂಬಿನ ಕಂಠದಲ್ಲಿ ಕಿಲುಬು ಹಿಡಿದಿರತ್ತಲ್ಲ ಆ ಬಣ್ಣ. ಸೂಜಿ ತುದಿಯಿಂದ ಮೆಲ್ಲಗೆ ಮುಟ್ಟಿದೆ, ಪಿನ್ನಿನ ಅರ್ಧ ಮುರಿದು ಅಂಗೈ ಮೇಲೆ ಬಿತ್ತು. ಗೋಧಿ ಕಾಳಿನ ಕಾಲು ಭಾಗ ಇಲ್ಲ ಅದು.

ಅದರಲ್ಲಿ ಆಶ್ಚರ್ಯ ಏನೂ ಇಲ್ಲ. ನಮ್ಮಲ್ಲಿ ಮಳೆಗಾಲದ ನಾಲ್ಕು ತಿಂಗಳು ಬೀರುವಿನ ಬಟ್ಟೆಗೇ ಬೂಸ್ಟು ಬರತ್ತೆ, ಚಪ್ಪಲಿಗೆ ಬರತ್ತೆ, ಪುಸ್ತಕದ ರಟ್ಟಿಗೆ ಬರತ್ತೆ. ಆ ಕಂಪ್ಯೂಟರ್ ಇಟ್ಟಿರೋ ಕೋಣೆಯ ಗೋಡೆಯ ಆಚೆನೇ ಬೋರ್ಡೋ ಕಲಸೋ ಜಾಗ, ಕೊಳೆ ಔಷಧಿ ಹೊಡಿಯೋ ಕಾಲದಲ್ಲಿ ಮೈಲುತುತ್ತದ ಡ್ರಮ್ಮು ಅಲ್ಲೇ ಇರತ್ತೆ. ಅದರಿಂದಲೇ ಆಯ್ತು ಅಂತ ನಾನು ಹೇಳಲ್ಲ, ಥಂಡಿ ಒಂದೇ ಸಾಕು.

ಬೇರೆ ಕೇಬಲ್ ಬೇಕಲ್ಲ, ತೀರ್ಥಹಳ್ಳಿಗೆ ಹೋಗಿ ಬರೋಕೆ ಆ ಮಳೇಲಿ ಅರ್ಧ ದಿನ. ಕೆಳಮನೆ ಅಣ್ಣಯ್ಯ ಅಡಿಕೆ ಕಳ್ಳರ ಕಾಟಕ್ಕೆ ಅಂತ ಸಿಸಿಟಿವಿ ಹಾಕ್ಸಿದಾರೆ, ಅದರ ರೆಕಾರ್ಡಿಂಗ್ ಡಬ್ಬಿ ಡಿವಿಆರಿಂದ ಟಿವಿಗೆ ಹೋಗಿರೋದು ವಿಜಿಎ ಕೇಬಲ್ಲೇ. ಕೊಡೆ ಹಿಡ್ಕೊಂಡು ಹೋಗಿ ಕೇಳಿದೆ. "ತಗೊಂಡೋಗಾ, ಕತ್ತಲಾಗೋಷ್ಟರಲ್ಲಿ ತಂದ್ಕೊಡು ಅಷ್ಟೇ" ಅಂದ್ರು. ಪ್ಲಾಸ್ಟಿಕ್ ಕವರಲ್ಲಿ ಸುತ್ತಿ, ಅಂಗಿ ಒಳಗೆ ಇಟ್ಕೊಂಡು ತಂದೆ.

ಹಾಕೋ ಮುಂಚೆ ಒಂದು ಕೆಲಸ ಮಾಡಿದೆ, ಇದು ಮುಖ್ಯ. ನಾನು ರಾತ್ರಿ ಹಾಕಿದ್ದ ಎಲ್ಲ ತೇಪೆ ತೆಗೆದೆ. ಸ್ಟಾರ್ಟಪ್ಪಲ್ಲಿದ್ದ ಎಕ್ಸ್‌ರ‍್ಯಾಂಡರ್ ಸಾಲು, ಗ್ರಬ್ ಫೈಲಲ್ಲಿ ಮುಟ್ಟಿದ್ದು ಎಲ್ಲ ಮೊದಲಿನಂಗೆ ಮಾಡಿ ಗ್ರಬ್ ಅಪ್‌ಡೇಟ್ ಮಾಡಿದೆ. ಇಲ್ಲಾಂದ್ರೆ ಕೇಬಲ್ಲಿಂದ ಸರಿ ಆಯ್ತೋ ತೇಪೆಯಿಂದ ಆಯ್ತೋ ಗೊತ್ತಾಗಲ್ಲ. ಆಮೇಲೆ ಆಫ್ ಮಾಡಿ, ಹೊಸ ಕೇಬಲ್ ಸಿಗಿಸಿ, ಎರಡೂ ಸ್ಕ್ರೂ ಬಿಗಿ ಮಾಡಿ, ಆನ್ ಮಾಡಿದೆ. ಅಪ್ಪಯ್ಯ ಪುಸ್ತಕ ತೊಡೆ ಮೇಲೆ ಇಟ್ಕೊಂಡು ಪೆನ್ ಕ್ಯಾಪ್ ತೆಗೆದು ಕಾಯ್ತಾ ಇದ್ರು. ಬಯೋಸು ಹೋಯ್ತು. ಒಂದು ಕ್ಷಣ ಕಪ್ಪು. ಮಿಂಟ್ ಲೋಗೋ ಬಂತು, ಗುಂಡಗೆ. ಅಲ್ಲಿವರೆಗೆ ಅದು ಮೊಟ್ಟೆ ಥರ ಅಡ್ಡಕ್ಕೆ ಎಳ್ಕೊಂಡಿರ್ತಿತ್ತು, ಈಗ ಸರಿಯಾದ ವೃತ್ತ. ಮೆನು ಒತ್ತಿದೆ, 1366 x 768, 60 ಹರ್ಟ್ಸ್. "ಬರ್ಕೊಳ್ಳಿ" ಅಂದೆ. ನನ್ನ ಗಂಟಲು ಸ್ವಲ್ಪ ಕಟ್ಟಿತ್ತು. ಲಾಗಿನ್ ಆಗಿ ಮತ್ತೆ ಆ ಫೈಲ್ ಎಣಿಸಿದೆ, 128.

ಅಪ್ಪಯ್ಯ ನನ್ನ ಎಬ್ಬಿಸಿ ತಾವು ಕುರ್ಚೀಲಿ ಕೂತು ಮೊದಲು ತೆಗೆದಿದ್ದು ಹೋದ ವರ್ಷದ ಲೆಕ್ಕ. ಬೆರಳು ಸ್ಕ್ರೀನ್ ಮೇಲೆ ಇಟ್ಟು ಸಾಲು ಸಾಲಾಗಿ ಓದಿದ್ರು, ರಾಶಿ ಇಷ್ಟು, ಬೆಟ್ಟೆ ಇಷ್ಟು. ಟ್ಟೆ ಅನ್ನೋ ಒತ್ತಿನ ಹತ್ರ ನಿಲ್ಲಲಿಲ್ಲ.

ಭಾನುವಾರ ತೀರ್ಥಹಳ್ಳೀಲಿ ಹೊಸ ಕೇಬಲ್ ತಗೊಂಡೆ. ಅಂಗಡೀಲೇ ಕವರ್ ಬಿಚ್ಚಿಸಿ ಪಿನ್ ಎಣಿಸಿದೆ, ಅಂಗಡಿಯವರು ಏನೂ ಅಂದ್ಕೊಳ್ಲಿಲ್ಲ, ಲೈಟ್ ಹಾಕಿ ಕೊಟ್ರು. ಎಣಿಸಿದ್ರೂ ಪೂರ್ತಿ ಧೈರ್ಯ ಇಲ್ಲ, ಯಾಕಂದ್ರೆ ಕೆಲವು ಅಗ್ಗದ ಕೇಬಲ್ಲಲ್ಲಿ ಪಿನ್ ಇರತ್ತೆ, ಒಳಗೆ ಆ ತಂತಿನೇ ಇರಲ್ಲ, ಮನೆಗೆ ತಂದು ಆ ಫೈಲ್ ಎಣಿಸಿ 128 ಬಂದ್ಮೇಲೇ ನಂಬಿಕೆ. ಬಂತು. ಕೆಳಮನೆಯವರ ಕೇಬಲ್ಲು ಹಿಂದಿನ ಸಂಜೆನೇ ವಾಪಸ್ ಕೊಟ್ಟಾಗಿತ್ತು.

ಹಳೇದನ್ನ ಬಿಸಾಕ್ತೀನಿ ಅಂದ್ರೆ ಅಪ್ಪಯ್ಯ ಬಿಡ್ಲಿಲ್ಲ, "ಇರ್ಲಿ, ಯಾವ್ದಕ್ಕಾದ್ರೂ ಬೇಕಾಗತ್ತೆ" ಅಂದ್ರು. ಡಿವಿಆರಿಗೆ ಆಗತ್ತೆ, ನಿಜ. ಅದಕ್ಕೆ ಒಂದು ರಟ್ಟಿನ ತುಂಡಲ್ಲಿ "12ನೇ ಪಿನ್ ಇಲ್ಲ, ಕಂಪ್ಯೂಟರಿಗೆ ಹಾಕಬೇಡಿ" ಅಂತ ದಪ್ಪಕ್ಷರದಲ್ಲಿ ಬರೆದು, ಬಾಳೆನಾರಲ್ಲಿ ಕಟ್ಟಿ, ಅಟ್ಟದ ಮೊಳೆಗೆ ನೇತು ಹಾಕಿ ಬಂದೆ.